ಭತ್ತದ ಹುಲ್ಲಿನ ನೆರಳಲ್ಲಿ ಚಹಾ ಗಿಡ

ಬಳ್ಳಾರಿಯ ಬಿಸಿಲಲ್ಲಿ ಚಹಾ ಗಿಡ! ಕೇಳಿದವರೆಲ್ಲ ನಕ್ಕರು. ನಾನು ಜೀನ್ಸ್ ಹೊಲಿಯುವವನು, ಹಟ ಹಿಡಿದರೆ ಬಿಡುವವನಲ್ಲ. ಸಿರುಗುಪ್ಪದಲ್ಲಿರುವ ನಮ್ಮಕ್ಕನಿಗೆ ಚಹಾ ಎಂದರೆ ಪ್ರಾಣ. ಸಕ್ಕರೆ ಕಾಯಿಲೆ ಬಂದಮೇಲೆ, "ಸಕ್ಕರಿ ಇಲ್ಲದ ಚಾ ಕುಡಿಯೋದಕ್ಕಿಂತ ಬಿಡೋದ ಚಲೋ" ಎಂದು ಬಿಟ್ಟೇಬಿಟ್ಟಿದ್ದಳು. ಕೀಳುವ ಮೊದಲು ಇಪ್ಪತ್ತು ದಿನ ಬಿಸಿಲಿಗೆ ಮರೆ ಕಟ್ಟಿದರೆ ಎಲೆಯ ಒಗರು ತಗ್ಗಿ ಸಿಹಿ ಬರುತ್ತದೆಂದು ಮೊಬೈಲ್‌ನಲ್ಲಿ ನೋಡಿದೆ. ಅವಳ ಚಹಾ ಅವಳಿಗೆ ವಾಪಸ್ ಕೊಡಿಸಲೇಬೇಕು ಅನ್ನಿಸಿತು.

ಸಸಿ ತರಿಸಿ ತಾರಸಿಯ ಕುಂಡದಲ್ಲಿ ನೆಟ್ಟೆ, ಇದ್ದುದು ಒಂದೇ ಗಿಡ. ಚಿಗುರು ಕಂಡ ದಿನ ಕುಣಿದಾಡಿಬಿಟ್ಟೆ. ಮರೆಗೆ ಕೈಗೆ ಸಿಕ್ಕಿದ್ದು ಹೊಲಿಗೆಯಲ್ಲಿ ಉಳಿದ ಕಪ್ಪು ಜೀನ್ಸ್ ಬಟ್ಟೆ. ಸೆಕೆಗೆ ಗಿಡ ಬಾಡೀತೆಂದು, ನೀರಿನ ಗಡಿಗೆಗೆ ಸುತ್ತುವ ಹಾಗೆ ಬಟ್ಟೆ ಒದ್ದೆ ಮಾಡಿ ಸುತ್ತಿದೆ. ಮರುದಿನ ತೆಗೆದರೆ ಬಣ್ಣ ಬಿಟ್ಟು ಚಿಗುರಿಗೆಲ್ಲ ಮಸಿ ಬಳಿದಂತಾಗಿತ್ತು. ಇಷ್ಟು ವರ್ಷ ಜೀನ್ಸ್ ಹೊಲಿದವನಿಗೆ ಹೊಸ ಬಟ್ಟೆ ಬಣ್ಣ ಬಿಡುತ್ತದೆಂದು ಗೊತ್ತಿಲ್ಲವೇ! ತಲೆ ಚಚ್ಚಿಕೊಂಡು ಅಷ್ಟನ್ನೂ ಚಿವುಟಿ ಎಸೆದೆ.

ಫೋನಿನಲ್ಲಿ ಅಕ್ಕ ನಕ್ಕಿದ್ದೇ ನಕ್ಕಿದ್ದು. "ಲೇ ತಮ್ಮಾ, ಗಿಡಕ್ಕೂ ಪ್ಯಾಂಟ್ ಹಾಕಿದೇನು? ತಡಿ, ನಾ ಹುಲ್ಲು ತರ್ತೀನಿ."

ಆ ವಾರವೇ ಬಸ್ಸಿನಲ್ಲಿ ಭತ್ತದ ಹುಲ್ಲಿನ ಕಟ್ಟು ಹೊತ್ತು ಬಂದಳು. ಗಾಳಿಯಾಡುವಂತೆ ಹುಲ್ಲಿನ ತಡಿಕೆ ಹೆಣೆದು, "ಮತ್ತ ಚಿಗುರಿದಾಗ ಕಟ್ಟು" ಎಂದು ಹೇಳಿ ಹೋದಳು. ತಿಂಗಳಾದ ಮೇಲೆ ಗಿಡ ಚಿಗುರಿತು, ಕಟ್ಟಿದೆ. ದಿನಾ ಬೆಳಗ್ಗೆ ಹಲ್ಲುಜ್ಜುವ ಮೊದಲೇ ತಡಿಕೆ ಸರಿಸಿ ಇಣುಕುತ್ತಿದ್ದೆ. ತಿಳಿಹಸಿರು ಎಲೆ ದಿನೇದಿನೇ ಕಡುಹಸಿರಾಗುತ್ತಿತ್ತು. ಕೆಲಸದಲ್ಲಿ ಮನಸ್ಸೇ ನಿಲ್ಲದೆ ಒಂದು ಪ್ಯಾಂಟಿಗೆ ಜೇಬು ತಲೆಕೆಳಗಾಗಿ ಹೊಲಿದೆ!

ಇಪ್ಪತ್ತನೇ ದಿನ ಕಿತ್ತು, ಹಬೆಯಲ್ಲಿಟ್ಟು, ಒಣಗಿಸಿದರೆ ಉಳಿದದ್ದು ಒಂದೇ ಲೋಟಕ್ಕಾಗುವಷ್ಟು. ರುಚಿ ನೋಡುವ ಆಸೆ ಅದುಮಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ. ಅಕ್ಕ ಹಿತ್ತಲಲ್ಲಿದ್ದಾಗಲೇ ಅವಳ ಅಡುಗೆಮನೆಯಲ್ಲಿ ಬಿಸಿನೀರಿಗೆ ಎಲೆ ಹಾಕಿ, ಸೋಸಿ, ಲೋಟ ಅವಳ ಕೈಗಿಟ್ಟೆ.

ಒಂದು ಗುಟುಕು ಕುಡಿದವಳೇ ಲೋಟವನ್ನು ಕುಕ್ಕಿದಳು. "ಸಕ್ಕರಿ ಹಾಕೀಯಲ್ಲೋ! ಡಾಕ್ಟರ್ ಬ್ಯಾಡ ಅಂದಾರ, ಗೊತ್ತಿಲ್ಲೇನು ನಿನಗ?"

ಖುಷಿಗೆ ನನ್ನ ಕಣ್ಣಲ್ಲಿ ನೀರೇ ಬಂತು. "ನಿನ್ನಾಣಿ ಅಕ್ಕಾ, ಒಂದು ಕಾಳೂ ಹಾಕಿಲ್ಲ!"

ಅವಳು ನನ್ನ ಮುಖ ನೋಡಿದಳು, ಲೋಟ ನೋಡಿದಳು. ಆಮೇಲೆ ಕುಡಿದಳು ನೋಡಿ, ನನಗೆ ಒಂದು ಹನಿಯನ್ನೂ ಉಳಿಸಲಿಲ್ಲ.