ಒಗ್ಗರಣೆ ಸೌಟಿನ ಮೇಲೆ ಅನುಮಾನ

ಮನೆಯಲ್ಲಿ ಯಾರೋ ಕದ್ದುಮುಚ್ಚಿ ನಿಮ್ಮ ಸಾರಿಗೆ ತುಪ್ಪ ಹಾಕುತ್ತಿದ್ದಾರೆ ಅಂತ ನಿಮಗೆ ಯಾವತ್ತಾದರೂ ಅನುಮಾನ ಬಂದಿದೆಯಾ? ನನಗೆ ಬಂದಿತ್ತು. ಅದೂ ನಮ್ಮತ್ತೆಯ ಮೇಲೆ.

ಶುರುವಾಗಿದ್ದು ದೀಪಾವಳಿ ಮುಗಿದ ವಾರ. ನೋವಿಲ್ಲ, ಸುಸ್ತಿಲ್ಲ. ಆಫೀಸಿನವರು ಎಲ್ಲರಿಗೂ ಮಾಡಿಸುವ ಬ್ಲಡ್ ಟೆಸ್ಟ್, ಅಷ್ಟೇ.

ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ನೂರಾ ಎಪ್ಪತ್ತೆಂಟು.

ಮೊದಲು ಲ್ಯಾಬಿನವರನ್ನೇ ನಂಬಲಿಲ್ಲ. ಜಯನಗರದ ಇನ್ನೊಂದು ಲ್ಯಾಬಿಗೆ ಹೋಗಿ ಮತ್ತೆ ರಕ್ತ ಕೊಟ್ಟೆ. ಅಲ್ಲೂ ಅದೇ ಹಾಡು. ನನ್ನಣ್ಣನಿಗೆ ನಲವತ್ತಾರಕ್ಕೇ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ನನಗೀಗ ನಲವತ್ತೈದು. ಹೆದರಿಕೆ ಇತ್ತು. ಆದರೆ ಡಾಕ್ಟರ್ ಬರೆಯಹೊರಟ ಮಾತ್ರೆಯ ಮೇಲೆ ಅದಕ್ಕಿಂತ ಹೆಚ್ಚು ಅನುಮಾನ.

"ಸರಿ, ಮೂರು ತಿಂಗಳು ಊಟದಲ್ಲೇ ಇಳಿಸಿ ನೋಡಿ," ಅಂದರು ಡಾಕ್ಟರ್. "ಇಳೀಲಿಲ್ಲ ಅಂದ್ರೆ ಮಾತ್ರೆ. ಆಮೇಲೆ ವಾದ ಮಾಡ್ಬಾರ್ದು."

ಅಂಗಡಿಯಲ್ಲಿ ‘ಕೊಲೆಸ್ಟ್ರಾಲ್ ಫ್ರೀ’ ಎಂದು ದಪ್ಪಕ್ಷರದಲ್ಲಿ ಬರೆದ ಬಿಸ್ಕತ್ ಪ್ಯಾಕೆಟ್ಟನ್ನು ತಿರುಗಿಸಿದೆ. ಹಿಂದೆ ಸಣ್ಣಕ್ಷರದಲ್ಲಿ ಪಾಮ್ ಎಣ್ಣೆ, ಅದೂ ಕೊಲೆಸ್ಟ್ರಾಲ್ ಏರಿಸುವಂಥದ್ದೇ. ಅವತ್ತಿನಿಂದ ಯಾವ ಪ್ಯಾಕೆಟ್ಟನ್ನೂ ನಂಬಲಿಲ್ಲ. ಬೆಳಿಗ್ಗೆ ಓಟ್ಸ್ ನಾನೇ ಬೇಯಿಸಿಕೊಳ್ಳುತ್ತಿದ್ದೆ. ಹುರುಳಿಕಾಳಿನ ಸಾರು, ಸೊಪ್ಪಿನ ಪಲ್ಯ ಅತ್ತೆಯದು. ತಿಂದದ್ದನ್ನೆಲ್ಲ ಡೈರಿಯಲ್ಲಿ ಬರೆದೆ.

ಮೂರು ತಿಂಗಳಾದ ಮೇಲೆ ಮತ್ತೆ ಟೆಸ್ಟ್. ನೂರಾ ಎಪ್ಪತ್ತಾರು.

ರಿಪೋರ್ಟ್ ಹಿಡಿದುಕೊಂಡು ನೇರ ಅಡುಗೆಮನೆಗೆ ಹೋದೆ.

"ಅತ್ತೆ, ನಿಜ ಹೇಳಿ. ಒಗ್ಗರಣೆಗೆ ತುಪ್ಪ ಹಾಕ್ತಿದ್ರಿ ತಾನೆ?"

ಅತ್ತೆ ಸೌಟು ಕೆಳಗಿಟ್ಟರು. "ನಿನ್ನ ಸಾಯಿಸಿ ನನಗೇನಾಗ್ಬೇಕೇ? ಇನ್ಮೇಲೆ ನಿನ್ನ ಅಡುಗೆ ನೀನೇ ಮಾಡ್ಕೊ ತಾಯಿ."

ನಾಲ್ಕು ದಿನ ಅವರು ಒಲೆಯ ಹತ್ತಿರ ಬರಲಿಲ್ಲ.

ಐದನೇ ದಿನ ಡಾಕ್ಟರ್ ನನ್ನನ್ನು ಡಯಟೀಶಿಯನ್ ಹತ್ತಿರ ಕಳಿಸಿದರು. ಚಿಕ್ಕ ವಯಸ್ಸಿನ ಹುಡುಗಿ. ಡೈರಿಯನ್ನು ಒಂದೊಂದೇ ಪುಟ ಓದಿದಳು.

"ಮೇಡಂ, ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿ ತನಕ ದಿನಾ ‘ಓಟ್ಸ್ ಅರ್ಧ ಬಿಟ್ಟೆ’ ಅಂತ ಬರ್ದಿದೀರ. ಯಾಕೆ?"

"ದೇವಸ್ಥಾನಕ್ಕೆ ಹೋಗಿ ಬರೋ ಅಷ್ಟೊತ್ತಿಗೆ ಹೊಟ್ಟೆ ತುಂಬಿರ್ತಿತ್ತಮ್ಮ."

"ಅಲ್ಲೇನು ತಿಂತಿದ್ರಿ?"

"ತಿಂತಿರ್ಲಿಲ್ಲ. ಪ್ರಸಾದ."

ಹೇಳಿ ಮುಗಿಸುವಷ್ಟರಲ್ಲಿ ನನಗೇ ಹೊಳೆಯಿತು.

ಧನುರ್ಮಾಸ. ನಮ್ಮ ತ್ಯಾಗರಾಜನಗರದ ದೇವಸ್ಥಾನದಲ್ಲಿ ತಿಂಗಳು ಪೂರ್ತಿ ಬೆಳಿಗ್ಗೆ ಬಿಸಿಬಿಸಿ ಹುಗ್ಗಿ ಹಂಚುತ್ತಾರೆ. ಕೈಯಲ್ಲಿ ಹಿಡಿದರೆ ದೊನ್ನೆಯಿಂದ ತುಪ್ಪ ಸೋರುತ್ತದೆ. ಪರಿಚಯದ ಅರ್ಚಕರು ನನಗೆ ಎರಡು ದೊನ್ನೆ ಕೊಡುತ್ತಿದ್ದರು. ಪ್ರಸಾದವನ್ನು ಯಾರಾದರೂ ತಿಂಡಿ ಅಂತ ಬರೆಯುತ್ತಾರಾ? ಲ್ಯಾಬು, ಬಿಸ್ಕತ್ತು, ಮಾತ್ರೆ, ಅತ್ತೆ, ಎಲ್ಲರನ್ನೂ ಅನುಮಾನಿಸಿದವಳು ನನ್ನ ಕೈಯಲ್ಲಿದ್ದ ದೊನ್ನೆಯನ್ನು ಒಂದು ಸಲವೂ ಬಗ್ಗಿ ನೋಡಿರಲಿಲ್ಲ.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ತಪ್ಪಾಯಿತು ಅಂದೆ. ಅವರು ನಗಲಿಲ್ಲ.

"ದೇವ್ರು ಹೊಟ್ಟೆ ತುಂಬಿಸ್ಕೋ ಅಂದಿದ್ನಾ? ಕಣ್ಣಿಗೊತ್ತಿಕೊಂಡು ಒಂದು ತುತ್ತು ತಗೊಂಡ್ರೂ ಪ್ರಸಾದಾನೇ ಕಣೇ."

ಮಾತ್ರೆ ಶುರುವಾಗಿದೆ. ವಾದ ಮಾಡಲಿಲ್ಲ. ಓಟ್ಸು, ಹುರುಳಿ ಬಿಟ್ಟಿಲ್ಲ. ಮುಂದಿನ ರಿಪೋರ್ಟ್ ಬರುವ ತನಕ ಏನೂ ಹೇಳಲಾರೆ. ಅತ್ತೆ ಮತ್ತೆ ಅಡುಗೆಮನೆಗೆ ಬಂದಿದ್ದಾರೆ, ಅದೇ ದೊಡ್ಡದು. ಆದರೆ ಈಗಲೂ ದಿನಾ ಒಗ್ಗರಣೆ ಸೌಟನ್ನು ನನ್ನ ಮೂಗಿನ ಹತ್ತಿರ ತರುತ್ತಾರೆ. "ನೋಡ್ಕೊ. ಎಣ್ಣೆ." ಬೇಡ ಅತ್ತೆ ಅಂದರೂ ಬಿಡುವುದಿಲ್ಲ.

ನೀವು ಲೆಕ್ಕಕ್ಕೆ ಹಿಡಿಯದೆ ತಿಂದದ್ದು ಏನು? ಅದಕ್ಕೆ ಯಾರ ಮೇಲೆ ಗೂಬೆ ಕೂರಿಸಿದಿರಿ? ನಾಚಿಕೆ ಬಿಟ್ಟು ಕೆಳಗೆ ಬರೆಯಿರಿ. ನಮ್ಮತ್ತೆಗೆ ಓದಿ ಹೇಳಬೇಕು, ಇಂಥ ಸೊಸೆ ನಾನೊಬ್ಬಳೇ ಅಲ್ಲ ಅಂತ.