ಕಿರುಬೆರಳಿಲ್ಲದ ಸೈನಿಕ

1988ರಲ್ಲಿ, ಒಂಬತ್ತನೇ ಕ್ಲಾಸಿನ ನಡುವೆ, ನಾನು ಓದು ನಿಲ್ಲಿಸಿದೆ. ಅದೇ ವಾರ ಬೆಂಗಳೂರಿನ ಬಳೇಪೇಟೆಯಲ್ಲಿ, ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ಈಗ ಇಪ್ಪತ್ತು ವರ್ಷಗಳಿಂದ ಜಪಾನಿನ ಕೋಬೆಯಲ್ಲಿ ಮುತ್ತಿನ ವ್ಯಾಪಾರಿಯೊಬ್ಬರ ಗೋದಾಮು ನೋಡಿಕೊಳ್ಳುತ್ತಿದ್ದೇನೆ. ಯಾರ ಶಿಫಾರಸಿನಿಂದಲೂ ಬಂದವನಲ್ಲ. ಆದರೆ ಹಳೆಯ ಫೋಟೋ ಕಂಡರೆ ಕೈ ಈಗಲೂ ಸುಮ್ಮನಿರುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಚೀನಾದ ಕರಾವಳಿಯಲ್ಲಿ ಸೆರೆಸಿಕ್ಕ ಜರ್ಮನ್ ಸೈನಿಕರನ್ನು ಜಪಾನಿಗೆ ತಂದು ಶಿಬಿರಗಳಲ್ಲಿ ಇಟ್ಟಿದ್ದರು. ಅವರ ಫೋಟೋಗಳನ್ನು ಕೂಡಿಸಿ, ಯಾರು ಯಾರೆಂದು ಗುರುತು ಹಿಡಿಯುವುದು ನನ್ನ ರಜಾದಿನಗಳ ಕೆಲಸ.

ಅಂಥದೊಂದು ಫೋಟೋ ಮಾರುವುದಿದೆ ಎಂದು ತಿಳಿದು 2021ರ ನವೆಂಬರಿನಲ್ಲಿ ನಾರುತೋಗೆ ಹೊರಟೆ. ಹಿಂದೊಮ್ಮೆ ಅಲ್ಲಿ ಅಂಥ ಶಿಬಿರವೊಂದಿತ್ತು. ಕೋಬೆಯಿಂದ ಬಸ್ಸಿಗೆ ಮೂರು ಸಾವಿರ ಯೆನ್ ಚಿಲ್ಲರೆ, ಒಂದೂವರೆ ಗಂಟೆಯ ದಾರಿ. ಬಸ್ಸಿನಲ್ಲಿ ಅರ್ಧ ಸೀಟು ಖಾಲಿ. ಮಾತಾಡಬೇಡಿ, ಮಾಸ್ಕ್ ತೆಗೆಯಬೇಡಿ ಎಂದು ಬರೆದು ಅಂಟಿಸಿದ್ದರು. ಹೆಂಡತಿ ಕಟ್ಟಿಕೊಟ್ಟ ಚಪಾತಿ ಬಿಚ್ಚುವಂತಿರಲಿಲ್ಲ. ಸೇತುವೆಗಳನ್ನು ದಾಟಿ, ಅವಾಜಿ ದ್ವೀಪ ಹಾದು, ನಾರುತೋದಲ್ಲಿ ಇಳಿದ ಮೇಲೆ ಕಟ್ಟೆಯೊಂದರ ಮೇಲೆ ಕೂತು ಕಡಲಗಾಳಿಯಲ್ಲಿ ತಿಂದೆ.

ಮಾರುವವರು ಹಿರೋಕೊ-ಸಾನ್, ಎಂಬತ್ತರ ಹತ್ತಿರದ ಹೆಂಗಸು. ಅಜ್ಜನ ಕಾಲದ ಬ್ರೆಡ್ ಅಂಗಡಿಯನ್ನು ಕೊರೋನಾ ಬಂದ ಮೇಲೆ ಮುಚ್ಚಿ, ಮನೆ ಖಾಲಿ ಮಾಡುತ್ತಿದ್ದರು. ನನ್ನನ್ನು ಜಗಲಿಯ ಒಂದು ತುದಿಯಲ್ಲಿ ಕೂರಿಸಿ, ಚಹಾದ ತಟ್ಟೆಯನ್ನು ನಡುವೆ ಇಟ್ಟು, ತಾವು ಇನ್ನೊಂದು ತುದಿಗೆ ಸರಿದರು. ಆಮೇಲೆ ಫೋಟೋ ಬಂತು. ಇಬ್ಬರು ಜರ್ಮನ್ನರು ನಿಂತಿದ್ದಾರೆ. ಒಬ್ಬ ಸೈನ್ಯದ ಕೋಟಿನಲ್ಲಿ, ಇನ್ನೊಬ್ಬ ಜಪಾನಿನ ಯುಕಾತಾ ನಿಲುವಂಗಿಯಲ್ಲಿ. ಯುಕಾತಾದವನ ಬಲಗೈಯಲ್ಲಿ ಕಿರುಬೆರಳಿಲ್ಲ.

ಹಿರೋಕೊ-ಸಾನ್ ಅವರ ಅಜ್ಜನಿಗೆ ಬ್ರೆಡ್ ಮಾಡುವುದನ್ನು ಕಲಿಸಿದ್ದು ಆ ಶಿಬಿರದ ಕಾರ್ಲ್ ಎಂಬ ಸೈನಿಕನಂತೆ. ಅವನಿಗೂ ಒಂದು ಕಿರುಬೆರಳು ಇರಲಿಲ್ಲ, ಆದರೆ ಅದು ಎಡಗೈಯದು. ಸಾಲದ್ದಕ್ಕೆ ಫೋಟೋದಲ್ಲಿ ಯುಕಾತಾದ ಬಲಮಡಿಕೆ ಮೇಲೆ ಬಂದಿತ್ತು. ಈ ದೇಶದಲ್ಲಿ ಹಾಗೆ ಉಡಿಸುವುದು ಹೆಣಕ್ಕೆ ಮಾತ್ರ. ಯಾರೋ ಬೇರೆಯವನು, ಅಪಶಕುನ ಬೇರೆ ಎಂದು ಅಜ್ಜ ಹೋದ ಮೇಲೆ ಮನೆಯವರು ಅದನ್ನು ಕಪಾಟಿಗೆ ಸೇರಿಸಿಬಿಟ್ಟಿದ್ದರು. ಇವನು ಕಾರ್ಲ್ ಅಲ್ಲ ತಾನೇ ಎಂದು ಹಿರೋಕೊ-ಸಾನ್ ಕೇಳಿದರು. ಅಲ್ಲ ಎಂದೆ. ಪರದೇಶದವನು, ಉಡಲು ತಿಳಿಯದೆ ಹೀಗೆ ಉಟ್ಟಿದ್ದಾನೆ ಎಂದೂ ಸೇರಿಸಿದೆ. ಮನೆಯ ಪೂಜಾಪೀಠದಲ್ಲಿ ಅಜ್ಜನಿಗೆ ಒಂದು ಮಾತು ತಿಳಿಸಿ ನಾಳೆ ಕೊಡುತ್ತೇನೆ ಎಂದರು. ಫೋನಿನಲ್ಲಿ ಅದರ ಚಿತ್ರ ತೆಗೆದುಕೊಂಡು ಹೊರಟೆ.

ತಂಗಿದ್ದು ಒಂದು ಸಣ್ಣ ವಸತಿಗೃಹದಲ್ಲಿ. ಬಾಗಿಲಲ್ಲೇ ಹಣೆಗೆ ಯಂತ್ರ ಹಿಡಿದು ಜ್ವರ ನೋಡಿದರು. ಸ್ನಾನ ಮುಗಿಸಿ ಅವರು ಕೊಟ್ಟ ಯುಕಾತಾ ಉಟ್ಟು ಬಂದೆ. ಯಜಮಾನಿ ನನ್ನನ್ನು ನೋಡಿದವಳೇ "ಸುಮಿಮಾಸೆನ್", ಕ್ಷಮಿಸಿ, ಎಂದು ನನ್ನ ಎದೆಯ ಮಡಿಕೆಗಳನ್ನು ಅದಲು ಬದಲು ಮಾಡಿದಳು. ಇಷ್ಟು ವರ್ಷ ಇದ್ದರೂ ನಾನು ಅದನ್ನು ಉಟ್ಟಿದ್ದು ಎರಡೋ ಮೂರೋ ಸಲ. ಕೋಣೆಗೆ ಹೋಗಿ ಕನ್ನಡಿ ನೋಡಿದರೆ ಮತ್ತೆ ಬಲಮಡಿಕೆಯೇ ಮೇಲೆ. ಎದೆ ಮುಟ್ಟಿ ನೋಡಿಕೊಂಡೆ. ಉಟ್ಟಿದ್ದು ಸರಿಯಾಗಿತ್ತು, ಕನ್ನಡಿ ತಿರುವಿ ತೋರಿಸಿತ್ತು.

ಫೋನು ತೆಗೆದು, ಪಕ್ಕದಲ್ಲಿ ನಿಂತವನ ಕೋಟನ್ನು ದೊಡ್ಡದು ಮಾಡಿ ನೋಡಿದೆ. ಗಂಡಸರ ಕೋಟಿನಲ್ಲಿ ಎಡ ಅಂಚು ಮೇಲೆ ಬರಬೇಕು. ಇಲ್ಲಿ ಬಲ ಅಂಚು ಬಂದಿತ್ತು. ಹಳೆಯ ಕಾಲದ ಗಾಜಿನ ನೆಗೆಟಿವ್ ಪ್ಲೇಟನ್ನು ಮಗುಚಿ ಇಟ್ಟು ಪ್ರಿಂಟ್ ಹಾಕಿದರೆ ಎಡ ಬಲವಾಗುತ್ತದೆ. ಹಾಗಾದರೆ ಇಲ್ಲದ ಬೆರಳು ಎಡಗೈಯದು. ಅವನು ಕಾರ್ಲ್.

ಹೆಂಡತಿಗೆ ಫೋನ್ ಮಾಡಿ ವಿಷಯ ಹೇಳಿದೆ.

"ರೀ, ನೀವು ಹೋಗಿರೋದು ಫೋಟೋ ತರೋಕಾ, ಆ ಸೋಲ್ಜರ್ ಪರವಾಗಿ ವಕಾಲತ್ತು ಮಾಡೋಕಾ?" ಎಂದಳು. "ಹೇಳಿದ್ರೆ ಆಯಮ್ಮ ಕೊಡ್ತಾರಾ?"

"ಕೊಡಲ್ಲ."

"ಮತ್ತೆ?"

"ತಪ್ಪು ಗುರುತಿನ ಫೋಟೋ ನನ್ನ ಪೆಟ್ಟಿಗೇಲಿ ಒಂದೂ ಇಲ್ಲ ಕಣೆ."

"ಹಾಗಾದ್ರೆ ಬರಿಗೈಲಿ ಬನ್ನಿ. ಬರ್ತಾ ಕೊಂಬಿನಿ ಅಂಗಡೀಲಿ ಹಾಲು ತನ್ನಿ," ಎಂದು ಫೋನ್ ಇಟ್ಟಳು.

ಮರುದಿನ ಚಳಿ ಹೆಚ್ಚಿತ್ತು. ಹಿರೋಕೊ-ಸಾನ್ ಫೋಟೋವನ್ನು ನೇರಳೆ ಬಟ್ಟೆಯಲ್ಲಿ ಗಂಟು ಕಟ್ಟಿ ಸಿದ್ಧವಾಗಿಟ್ಟಿದ್ದರು. ಒಂದು ಕೈಗನ್ನಡಿ ಬೇಕು ಎಂದೆ. ಗಂಟು ಬಿಚ್ಚಿ, ಫೋಟೋವನ್ನು ಕನ್ನಡಿಗೆ ಹಿಡಿದು, ನಿನ್ನೆ ನಾನು ಹೇಳಿದ್ದು ತಪ್ಪು, ಕನ್ನಡಿಯಲ್ಲಿ ನೋಡಿ ಎಂದೆ. ಅವರು ಆರಡಿ ದೂರದ ನಿಯಮ ಮರೆತು ಪಕ್ಕಕ್ಕೆ ಬಂದು ಕೂತರು. ಮಡಿಕೆ ನೋಡಿದರು. ಕೈ ನೋಡಿದರು.

"ಕಾರ್ಲ್-ಸಾನ್ ನಾದಿದ ಹಿಟ್ಟಿನ ಮೇಲೆ ಒಂಬತ್ತೇ ಬೆರಳಿನ ಗುರುತು ಇರುತ್ತಿತ್ತು ಅಂತ ಅಜ್ಜ ಹೇಳುತ್ತಿದ್ದರು," ಎಂದರು ಕೊನೆಗೆ. ಆಮೇಲೆ ನೆಲಕ್ಕೆ ತಲೆ ತಾಗುವಂತೆ ಬಾಗಿ, "ಕ್ಷಮಿಸಿ. ಇದನ್ನು ಕೊಡಲಾರೆ."

ನಾನೂ ಬಾಗಿದೆ. ಗೋಡೆಗೆ ಹಾಕುವುದಾದರೆ ಬಿಸಿಲು ಬೀಳದ ಕಡೆ ಹಾಕಿ, ಗಾಜು ಫೋಟೋಗೆ ತಾಗದಂತೆ ಕಟ್ಟು ಹಾಕಿಸಿ ಎಂದೆ. ಅದನ್ನು ಮಾತ್ರ ನಾನು ಬಳೇಪೇಟೆಯಲ್ಲಿ ಕಲಿತದ್ದು. ಬಸ್ಸು ಹತ್ತಿ ಹಿಂತಿರುಗಿ ನೋಡಿದಾಗ ನಾರುತೋದ ಕಡಲು ಬೂದುಬಣ್ಣಕ್ಕೆ ತಿರುಗಿತ್ತು. ಹಾಲು ಮರೆಯಲಿಲ್ಲ.

ಈಗ ನನ್ನ ಹತ್ತಿರ ಇರುವ ಫೋಟೋಗಳು ಐವತ್ತೆಂಟು. ಹೋಗುವಾಗಲೂ ಅಷ್ಟೇ ಇದ್ದವು. ಗುರುತು ಸಿಕ್ಕ ಸೈನಿಕರು ಇಪ್ಪತ್ತು. ಹತ್ತೊಂಬತ್ತು ಜನ ನನ್ನ ಪೆಟ್ಟಿಗೆಯಲ್ಲಿದ್ದಾರೆ, ಒಬ್ಬ ನಾರುತೋದಲ್ಲಿದ್ದಾನೆ.