ಕೊನೆಯ ಬೀದಿಗೆ ಅರ್ಧ ಗಂಟೆ ನೀರು

ಎಂಟುನೂರು ರೂಪಾಯಿ. ಚೌಕಾಸಿ ಮಾಡದೆ ಕೊಟ್ಟೆ. ನನ್ನನ್ನು ಬಲ್ಲವರು ಇದನ್ನು ನಂಬುವುದಿಲ್ಲ. ತಿಪಟೂರಿನ ಮಂಡಿಗಳಲ್ಲಿ ನನ್ನ ತಲೆ ಕಂಡರೆ ಮೊದಲು ಕುರ್ಚಿ ಹಾಕುತ್ತಾರೆ, ಮಾತು ಬೇಗ ಮುಗಿಯುವುದಿಲ್ಲ ಎಂದು ಅವರಿಗೆ ಗೊತ್ತು. ಹೋದ ತಿಂಗಳು ಶೆಟ್ಟಿಕೆರೆ ಕಡೆಯ ತೋಟಕ್ಕೆ ಹೊಸ ಪೈಪು ಹಾಕಿಸಿದಾಗ, ಗುಂಡಿಯೊಳಗಿನ ವಾಲ್ವ್ ತಿರುಗಿಸಲು ಎದೆಯೆತ್ತರದ ಕಬ್ಬಿಣದ ಕೀಲಿ ಬೇಕಾಯಿತು. ವೆಲ್ಡಿಂಗ್ ಅಂಗಡಿಯವನು ಗ್ರೀಸ್ ಸವರಿ ಕೈಗಿಟ್ಟ. ಕಬ್ಬಿಣ, ಗ್ರೀಸು... ಆ ವಾಸನೆಗೆ ರೇಟು ಕೇಳುವುದೇ ಮರೆತುಹೋಯಿತು. ನಮ್ಮೂರಿನ ನೀರು ಬಿಡುವ ಅಣ್ಣ ಎದುರಿಗೆ ಬಂದು ನಿಂತಂತಾಯಿತು.

ಊರಿನ ಹೆಸರು ಬೇಡ, ಈ ತೆಂಗಿನ ಸೀಮೆಯದೇ ಒಂದು ಊರು ಎಂದುಕೊಳ್ಳಿ. ಅಣ್ಣ ಪುರಸಭೆಯ ನೌಕರರಲ್ಲ, ಗುತ್ತಿಗೆದಾರನ ಕೈಕೆಳಗಿನ ದಿನಗೂಲಿ. ಯಾವ ಬೀದಿಗೆ ನೀರು ಬಿಡುತ್ತಾರೋ ಆ ಬೀದಿಯ ಲೈಟು ಕಂಬಕ್ಕೆ ಇಂಥದೇ ವಾಲ್ವ್ ಕೀಲಿಯಿಂದ ಮೂರು ಸಲ ಬಡಿಯುತ್ತಿದ್ದರು. ಆ ಸದ್ದಿಗೆ ಬಿಂದಿಗೆಗಳು ಹೊರಗೆ ಬರುತ್ತಿದ್ದವು. ದಿಬ್ಬದ ಮೇಲಿನ ಕೊನೆಯ ಬೀದಿ ನಮ್ಮದು. ನೀರು ಹತ್ತಿ ಬರುವಷ್ಟರಲ್ಲಿ ಸುಸ್ತಾಗಿರುತ್ತಿತ್ತು. ಅದಕ್ಕೇ ನಮ್ಮ ಬೀದಿಗೆ ಅವರು ಐದು ನಿಮಿಷ ಹೆಚ್ಚು ಬಿಡುತ್ತಿದ್ದರು, ಯಾರೂ ಕೇಳದೆ.

ಕೆಲವು ವರ್ಷಗಳ ಹಿಂದೆ ಒಂದು ಬೇಸಿಗೆಯಲ್ಲಿ ನಮ್ಮೂರಿನ ದೊಡ್ಡವರಿಗೆ ರಾಜ್ಯಮಟ್ಟದ ಕ್ರೀಡಾಕೂಟ ತರುವ ಹುಚ್ಚು ಹತ್ತಿತು. ಮೈದಾನ ನೋಡಲು ಅಧಿಕಾರಿಗಳ ತಂಡ ಬರುತ್ತದೆಂದು ಹುಲ್ಲು ಬೆಳೆಸಿದರು. ಹುಲ್ಲಿನಡಿ ಹಾಸಲು ತೆಂಗಿನ ನಾರಿನ ಪುಡಿ ಕೊಟ್ಟವನು ನಾನೇ. ನೀರು ಹಿಡಿದಿಟ್ಟುಕೊಳ್ಳುತ್ತದೆ ಎಂದು ಹೊಗಳಿ ಮಾರಿದ್ದೆ. ಅದರ ದೆಸೆಯಿಂದ ಸ್ವಾಗತ ಸಮಿತಿಯಲ್ಲೊಂದು ಜಾಗವೂ ಸಿಕ್ಕಿತು. ಆಮೇಲೆ ಊರಿನ ನೀರೆಲ್ಲ ಮೈದಾನಕ್ಕೇ ಹರಿಯತೊಡಗಿತು.

ನೀರಿಲ್ಲವೆಂದು ಹೇಳಲು ಪುರಸಭೆಯಿಂದ ಯಾರೂ ಬರಲಿಲ್ಲ. ಅಣ್ಣ ಬಂದರು. ದಿನಾ ಬೆಳಗ್ಗೆ ಮನೆಮನೆಗೆ ಹೋಗಿ, "ಇವತ್ತೂ ಇಲ್ಲ ಕಣವ್ವ, ಕಾಯ್ಬೇಡಿ" ಎನ್ನುತ್ತಿದ್ದರು.

"ಹುಲ್ಲಿಗೆ ಸ್ನಾನ, ನಮ್ ಮಕ್ಳಿಗೆ ಗಾಳಿನಾ? ಏನಣ್ಣ ಇದು!" ಎಂದು ಎದುರುಮನೆಯಾಕೆ ರೇಗಿದರೆ, "ಬಯ್ಯವ್ವ, ಪೂರ್ತಿ ಬೈದು ಬುಡು. ಒಳಗಿಟ್ಕಂಡ್ರೆ ಹೊಟ್ಟೆನೋವು ಬತ್ತೈತೆ" ಎನ್ನುತ್ತಿದ್ದರು. ಆಕೆಗೆ ನಗು ಬಂದುಬಿಡುತ್ತಿತ್ತು.

"ಮನೇಲಿ ಕೂತಿದ್ರೆ ಬೈಗುಳ ತಪ್ತಿತ್ತಲ್ಲಣ್ಣ" ಎಂದೆ ಒಮ್ಮೆ.

"ಕಾಯೋರಿಗೆ ಇಲ್ಲ ಅಂತಾನಾದ್ರೂ ಹೇಳ್ಬೇಕಲ್ಲ ಸಾವ್ಕಾರ್ರೆ."

ಹನ್ನೊಂದು ದಿನ ಹೀಗೆ ಕಳೆಯಿತು. ತಂಡ ಬರುವ ದಿನ ಬೆಳಿಗ್ಗೆ ಕಂಬದ ಸದ್ದು ಕೇಳಿ ನನ್ನ ಹೆಂಡತಿ ಹಾಸಿಗೆಯಿಂದ ಎದ್ದೋಡಿದಳು. ಅಣ್ಣ ಮೈದಾನದ ನೀರನ್ನು ಅರ್ಧ ಗಂಟೆ ನಮ್ಮ ಬೀದಿಗೆ ತಿರುಗಿಸಿದ್ದರು. ನಮ್ಮ ಎರಡೂ ಡ್ರಮ್ಮು ತುಂಬಿದವು.

ಬಂದ ತಂಡದವರ ಜೊತೆ ಸಮಿತಿಯವನಾಗಿ ನಾನೂ ಸುತ್ತಿದೆ. ಆಟಗಾರರು ಮಲಗುವುದೆಲ್ಲಿ, ಶೌಚಾಲಯ ಎಷ್ಟು, ಕುಡಿಯುವ ನೀರು ಎಲ್ಲಿಂದ ಎಂದು ಕೇಳಿದರು. ಇದ್ದ ಒಂದು ಶೌಚಾಲಯಕ್ಕೆ ಬಾಗಿಲಿರಲಿಲ್ಲ. ಹುಲ್ಲಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ಕೂಟ ಬೇರೆ ಊರಿಗೆ ಹೋಯಿತು. ಸಮಿತಿ ಸಭೆ ಸೇರಿದ ದಿನ ಅಧ್ಯಕ್ಷರು ಅಣ್ಣನನ್ನು ಕರೆಸಿ ನಿಲ್ಲಿಸಿದರು. "ಹುಲ್ಲು ಬಾಡಿದ್ದಕ್ಕೇ ಕೂಟ ತಪ್ಪೋಯ್ತು. ಇವನು ನೀರು ತಿರುಗಿಸಿದ್ದಾನೆ" ಎಂದರು. ತಂಡ ಹುಲ್ಲಿನ ಮಾತೇ ಎತ್ತಲಿಲ್ಲ, ಬಾಗಿಲಿಲ್ಲದ ಶೌಚಾಲಯ ನೋಡಿ ಹೋಯಿತು ಎಂಬ ಸತ್ಯ ಬಲ್ಲವನು ನಾನಿದ್ದೆ. ಬಾಯಿ ಬಿಟ್ಟರೆ, "ನಿಮ್ಮ ಬೀದಿಗೇ ತಾನೆ ಬಿಟ್ಟಿದ್ದು, ನೀವೇ ಹೇಳಿಸಿ ಬಿಡಿಸಿರಬೇಕು" ಎನ್ನುತ್ತಾರೆಂದು ಲೆಕ್ಕ ಹಾಕಿ ಸುಮ್ಮನಿದ್ದೆ. ಅಣ್ಣನ ಕಣ್ಣು ನನ್ನವರೆಗೂ ಬಂತು... ನನಗೆ ಮುಜುಗರವಾಗದಿರಲೆಂದು ತಾವೇ ಬೇರೆ ಕಡೆ ತಿರುಗಿಸಿಕೊಂಡರು. ಅವತ್ತೇ ಕೆಲಸ ಹೋಯಿತು.

ವಾರ ಬಿಟ್ಟು ನನ್ನ ನಾರಿನ ಕಾರ್ಖಾನೆಗೆ ಕರೆದೆ. ಬಂದರು. ಕಾಯಿ ಸುಲಿದ ಮಟ್ಟೆ ನೆನೆಸುವ ಕೆಲಸ, ಕೂಲಿ ಮೊದಲಿಗಿಂತ ಹೆಚ್ಚು. ಆದರೆ ಬೆಳಗ್ಗೆ ದೂರದಲ್ಲಿ ಕಂಬದ ಸದ್ದು ಕೇಳಿದರೆ ಪೈಪು ಹಿಡಿದ ಕೈ ನಿಲ್ಲುತ್ತಿತ್ತು. "ಹೊಸಬ ಅವಸರದಲ್ಲಿ ಬಡೀತಾನೆ. ಮುದುಕೀರು ಎದ್ದು ಬರೋಕಾಯ್ತದಾ..." ಎನ್ನುತ್ತಿದ್ದರು.

ಒಂದು ದಿನ ಧೈರ್ಯ ಮಾಡಿದೆ. "ಅಣ್ಣ, ಅವತ್ತು ಮೀಟಿಂಗಲ್ಲಿ ನಾನು..."

ಮಾತು ಮುಗಿಸಲು ಬಿಡಲಿಲ್ಲ. "ಡ್ರಮ್ ತುಂಬಿದ್ವಾ?"

"ತುಂಬಿದ್ವು."

"ಅಷ್ಟಕ್ಕೇ ಬುಟ್ಟಿದ್ದು ಕಣ್ರೀ."

ಅವರು ತೀರಿಹೋಗಿ ಎರಡು ವರ್ಷವಾಯಿತು. ಹೇಳಬೇಕಾದ ಮಾತು ನನ್ನಲ್ಲೇ ಉಳಿದಿದೆ. ಈಗ ಊರಿನಲ್ಲಿ ಮತ್ತೊಂದು ಕ್ರೀಡಾಕೂಟದ ಮಾತು ಎದ್ದಿದೆ. ಸಮಿತಿಗೆ ನನ್ನನ್ನೂ ಕರೆದಿದ್ದಾರೆ.

ನಿಮ್ಮೂರಿನಲ್ಲೂ ಕರೆಯಬಹುದು. ಹೋಗಿ, ಹೋಗದೆ ಇರಬೇಡಿ. ಮೊದಲು ಶೌಚಾಲಯದ ಬಾಗಿಲು ನೋಡಿ. ಮೈದಾನದ ನೀರು ಯಾರ ಬೀದಿಯದು ಎಂದು ಕೇಳಿ. ಕೊನೆಗೆ ಬಡವನೊಬ್ಬನನ್ನು ತಂದು ಎದುರು ನಿಲ್ಲಿಸಿದರೆ, ನಿಮಗೆ ಗೊತ್ತಿರುವುದನ್ನು ಅವನು ಇನ್ನೂ ಅಲ್ಲೇ ನಿಂತಿರುವಾಗ, ಎಲ್ಲರಿಗೂ ಕೇಳುವಂತೆ ಹೇಳಿಬಿಡಿ. ಆಮೇಲೆ ಕೆಲಸ ಕೊಡಬಹುದು, ಕೂಲಿ ಹೆಚ್ಚಿಸಬಹುದು. ನಾನು ಎರಡನ್ನೂ ಮಾಡಿ ನೋಡಿದ್ದೇನೆ, ಸಾಲುವುದಿಲ್ಲ.